ಹೂವಿನ ಅಪ್ಪಣೆ

ಬೈರಾಪಟ್ಟಣ
14-8-2007

ವರಲಕ್ಷ್ಮಿಯ ಅಪ್ಪನವರಿಗೆ,

ನಮಸ್ಕಾರ. ನಿಮ್ಮ ಫ್ಯಾಕ್ಟರಿಯ ವಿಳಾಸವನ್ನು ಮಗಳಿಂದ ಪಡೆದೆ. ಅವಳನ್ನು ಬೈಯಬೇಡಿ, ಕುದೂರಿನ ಅವಳ ಮನೆ ತನಕ ಹೋಗಿ ಪೀಡಿಸಿದವಳು ನಾನು.

ನಿನ್ನೆ ಚನ್ನಪಟ್ಟಣದಲ್ಲಿ ನಿಮ್ಮ ಸಿನಿಮಾ ನೋಡಿದೆ. ಎರಡು ವರ್ಷ ಡಬ್ಬದಲ್ಲಿದ್ದದ್ದು ಈಗ ಬಂದಿದೆ. ಮ್ಯಾಟಿನಿಗೆ ಒಟ್ಟು ಒಂಬತ್ತು ಜನ ಇದ್ದೆವು. ಶೂಟಿಂಗಿನ ಸುದ್ದಿ ಕೇಳಿ, ಸಿನಿಮಾದಲ್ಲಿ ನೀವು ದೇವರನ್ನು ಆಡಿಕೊಂಡಿದ್ದೀರೆಂದು ಊರು ಬೈದಾಗ ಊರಿಗಿಂತ ಜೋರಾಗಿ ನಾನು ಬೈದಿದ್ದೆ. ನೋಡದೆಯೇ ಬೈದಿದ್ದೆ.

ರಾಮನಗರದ ಬಂಡೆಯ ಮೇಲೆ ತಗಡಿನ ಕಿರೀಟ ಇಟ್ಟುಕೊಂಡು, ಕೈಗೆ ವಾಚು ಕಟ್ಟಿಕೊಂಡು ಕೂತಿದ್ದೀರಿ. ಜನ ನಿಮ್ಮ ಮೈಗೆಲ್ಲ ಹೂ ಅಂಟಿಸಿ, ಫ್ಯಾಕ್ಟರಿ ಕೆಲಸ ಸಿಗುವುದಾದರೆ ಬಲಗಡೆ ಹೂ ಕೊಡಪ್ಪ ಎನ್ನುತ್ತಾರೆ. ನೀವು ತಡೆದು ತಡೆದು ಕೊನೆಗೆ ಸೀನಿದಿರಿ. ಹೂವೆಲ್ಲ ಎರಡೂ ಕಡೆ ಉದುರಿ, ಬಂಡೆಯೇ ಹಾರಿ ಫ್ಯಾಕ್ಟರಿ ಗೇಟಿನ ಮುಂದೆ ಇಳಿಯಿತು. ವಾಚ್‌ಮನ್ ‘ಕಾರ್ಡ್ ಎಲ್ಲಯ್ಯಾ’ ಅಂದ. ದೇವರು ನಾಲ್ಕು ಕೈಗಳನ್ನೂ ಬಿಚ್ಚಿ ತೋರಿಸಿದ. ನಾಲ್ಕೂ ಖಾಲಿ. ನಾನೂ ನಕ್ಕೆ, ಆಮೇಲೆ ಅಳು ಬಂತು. ಈಗ ನೀವೇ ಅಂಥದ್ದೊಂದು ಗೇಟಿನಲ್ಲಿ ವಾಚ್‌ಮನ್ ಆಗಿದ್ದೀರಂತೆ.

ಊರು ಬೈದ ಆ ದಿನ ಊರಮ್ಮನ ಗುಡಿಗೆ ನಿಮ್ಮನ್ನು ಎಳೆದುಕೊಂಡು ಹೋದವಳೂ ನಾನೇ. ನೀವು ಮನೆಯಲ್ಲಿರಬಹುದಾದರೆ ಬಲಗಡೆ ಹೂ, ಹೊರಗೆ ಹೋಗಬೇಕಾದರೆ ಎಡಗಡೆ ಎಂದು ಅಮ್ಮನನ್ನು ಕೇಳುವುದೆಂದಾಯಿತು. ‘ಅಮ್ಮ ಏನಂದ್ರೂ ನಂಗೆ ಒಪ್ಗೆ ಕಣಮ್ಮಿ’ ಅಂದಿರಿ. ಸಿನಿಮಾಕ್ಕೆ ಬಣ್ಣ ಬಳಿದ ಮುಖವನ್ನು ಅಮ್ಮನಿಗೆ ತೋರಿಸಲು ನಾಚಿ ಜಗುಲಿಯಲ್ಲೇ ಕೂತಿರಿ. ನಾನು ಆಚೆ ಬಂದು ಎಡಕ್ಕೆ ಬಿತ್ತು ಅಂದೆ. ನೀವು ಗುಡಿಗೆ ಕೈಮುಗಿದು ಬಸ್ಸು ಹತ್ತಿದಿರಿ.

ಒಂದೇ ಮುದ್ದೆಗೆ ಎಸರಿಡುವುದು ಎಂಥ ಬೇಸರ ಎಂದು ನಿಮಗೆ ಗೊತ್ತಿಲ್ಲ. ಹಿಟ್ಟು ಕೈಗೇ ಹಿಡಿಯುವುದಿಲ್ಲ. ಅದಕ್ಕೇ ಎರಡು ಮಾಡುತ್ತೇನೆ, ನಿಮ್ಮ ಪಾಲಿನದನ್ನು ಬೆಳಿಗ್ಗೆ ಎಮ್ಮೆಗೆ ಹಾಕುತ್ತೇನೆ. ಎಮ್ಮೆ ದಪ್ಪಗಾಗಿದೆ, ನಾನು ಇಳಿದುಹೋಗಿದ್ದೇನೆ.

ಬಂದುಬಿಡಿ. ಊರಿಗೆ ಉತ್ತರ ನಾನು ಹೇಳಿಕೊಳ್ಳುತ್ತೇನೆ. ಅಮ್ಮನ ಅಪ್ಪಣೆ ಮೀರಿದಂತಾದೀತೆಂದು ಹೆದರಬೇಡಿ.

ಇಂತಿ, ನಿಮ್ಮ
ಪುಟ್ಟಗೌರಮ್ಮ

ವಿ.ಸೂ.: ಹೆದರಬೇಡಿ ಎಂದು ಬರೆದು ನಿಲ್ಲಿಸೋಣ ಅಂದುಕೊಂಡಿದ್ದೆ, ಮನಸ್ಸು ತಡೆಯಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಪಾಪ, ಪೂಜಾರಿ ದೊಡ್ಡಹನುಮಯ್ಯ ಆಗ ಕಾಯಿ ಒಡೆಯಲು ಆಚೆ ಹೋಗಿದ್ದ. ಹೂ ಬಿದ್ದದ್ದನ್ನು ಕಂಡವಳು ನಾನೊಬ್ಬಳೇ. ಅದು ಬಲಕ್ಕೆ ಬಿದ್ದಿತ್ತು.