ಗೋಡೆಯ ಮೇಲೆ ನಾನು

ಜನವರಿ 6, ಸೋಮವಾರ

ಕರಪತ್ರ ಮತ್ತೆ ತಿದ್ದಿದೆ. ಶನಿವಾರ ಸಂಜೆ ಪ್ರದರ್ಶನದ ಉದ್ಘಾಟನೆ. ಭಾನುವಾರ ಕಲಾವಿದರೊಂದಿಗೆ ಮಾತುಕತೆ. ಮುಂದಿನ ಶನಿವಾರ ಜಮಖಂಡಿ ಕಾಲೇಜಿನ ಹುಡುಗಿಯರಿಗೆ ಗ್ಯಾಲರಿ ಟೂರ್ — ಅದು ನನ್ನ ಕೆಲಸ. ಕಲಾವಿದರು ನಮ್ಮ ಮನೆಯವರೇ, ಬಾಳೇಶ. ಪೋಸ್ಟರಿನಲ್ಲಿ ಇವರ ಹೆಸರು ದಪ್ಪಗೆ ಬಂದಿದೆ. ಖುಷಿ. ಒಂದು ಚಿತ್ರ ಇನ್ನೂ ಬಂದಿಲ್ಲ. ಕೇಳಿದರೆ "ಬಣ್ಣ ಹಸಿ ಐತಿ" ಎಂದು ಆಚೆ ನೋಡಿದರು.

ಜನವರಿ 9, ಗುರುವಾರ

ಆ ಚಿತ್ರ ಬಂತು. ದೊಡ್ಡದು. ಗ್ಯಾಲರಿ ಮೊದಲು ಮಗ್ಗದ ಶೆಡ್ ಆಗಿತ್ತಲ್ಲ, ಬಾಗಿಲು ಅಗಲ, ಸಲೀಸಾಗಿ ಒಳಗೆ ತಂದರು. ನೋಡಿದರೆ — ನಾನು. ಆಸ್ಪತ್ರೆಯ ಮಂಚ. ಅರೆತೆರೆದ ಬಾಯಿ, ಬೆವರಿಗೆ ಹಣೆಗಂಟಿದ ಕೂದಲು. ಹೋದ ವರ್ಷ ಕೂಸು ಹೋದ ದಿನ. ಮುಖದಿಂದ ಕೆಳಗೆ ನೋಡಲಾಗಲಿಲ್ಲ. ಹೊರಗೆ ಬಂದು ನಲ್ಲಿಗೆ ಮುಖ ಒಡ್ಡಿದೆ.

ಮನೆಯಲ್ಲಿ ಕೇಳಿದೆ. "ನನ್ನ ಒಂದ ಮಾತ ಕೇಳಬೇಕು ಅನಸಲಿಲ್ಲೇನ್ರಿ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಹೌದು, ಅಂತಿದ್ದೆ. ತಗೀರಿ ಅದನ್ನ."

"ನನಗೂ ಮಗಳು ಹೋಗ್ಯಾಳ, ರೇಷ್ಮಾ."

ಇಬ್ಬರೂ ಊಟಕ್ಕೆ ಏಳಲಿಲ್ಲ.

ಜನವರಿ 10, ಶುಕ್ರವಾರ

ನೀಲಕಂಠ ಸರ್ ಹತ್ತಿರ ಹೋದೆ. ಗ್ಯಾಲರಿ ಅವರದು.

"ಅಂವಾ ತಗೀರಿ ಅಂದ್ರ ತಗೀತೇನಿ. ನೀ ಅಂದ್ರ ಹೆಂಗವಾ? ಇಡೀ ಪ್ರದರ್ಶನ ಅದರ ಮ್ಯಾಲೇ ನಿಂತೈತಿ."

"ಅದರಾಗ ಇರಾಕಿ ನಾನ್ರಿ ಸರ್."

ಅವರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಮುಧೋಳ, ಲೋಕಾಪುರದಲ್ಲೆಲ್ಲ ಪೋಸ್ಟರ್ ಅಂಟಿಸಿ ಆಗಿದೆ...

ಜನವರಿ 11, ಶನಿವಾರ

ಉದ್ಘಾಟನೆಗೆ ಹೋಗಲಿಲ್ಲ. ತಲೆನೋವು ಎಂದೆ. ಯಾರೂ ನಂಬಲಿಲ್ಲ. ಇಷ್ಟು ಹೊತ್ತಿಗೆ ಎಷ್ಟು ಜನ ನನ್ನನ್ನು ನೋಡಿರಬಹುದು?

ಜನವರಿ 17, ಶುಕ್ರವಾರ

ವಾರವಿಡೀ ರಜೆ. ಮನೆಯಲ್ಲಿ ಮಾತಿಲ್ಲ. ಭಾನುವಾರದ ಮಾತುಕತೆಯಲ್ಲೂ ಆ ಚಿತ್ರದ ಬಗ್ಗೆ ಇವರು ಬಾಯಿ ಬಿಡಲಿಲ್ಲವಂತೆ.

ನಾಳೆ ಟೂರ್. ಬೇರೆಯವರನ್ನು ಕಳಿಸಿ ಎನ್ನಬಹುದು. ಆದರೆ ನನ್ನ ಎದುರು ನಿಂತು ನನ್ನ ಬಗ್ಗೆ ಮತ್ತೊಬ್ಬರು ವಿವರಿಸುವುದೇ? ಬೇಡ. ನಾನೇ ಹೋಗುತ್ತೇನೆ.

ಜನವರಿ 18, ಶನಿವಾರ. ಮಧ್ಯಾಹ್ನ

ಒಂದೊಂದೇ ಚಿತ್ರ ತೋರಿಸುತ್ತ ಬಂದೆ. ಕೊನೆಯದರ ಮುಂದೆ ನೆಲ ನೋಡುತ್ತ ನಿಂತೆ. ಅದು ನಾನೆಂದು ಕೆಲವರಿಗೆ ತಿಳಿದೇ ಹೋಯಿತು. ಪಿಸುಮಾತು. ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು — "ಮೇಡಂ, ನಿಮ್ಮನ್ನ ಕೇಳಿ ಬರದಾರೇನ್ರಿ ಇದನ್ನ?"

ಬಾಗಿಲ ಕಡೆಯಿಂದ ಉತ್ತರ ಬಂತು. ಬಾಳೇಶ. ಯಾವಾಗ ಬಂದು ನಿಂತಿದ್ದರೋ.

"ಇಲ್ಲವಾ. ಕೇಳಲಿಲ್ಲ. ತಪ್ಪಾತು."

ನೇರ ಬಂದು ಚಿತ್ರ ಇಳಿಸಲು ಕೈ ಹಾಕಿದರು. ಆಗ ತಲೆ ಎತ್ತಿದೆ. ಮೊದಲ ಸಲ ಪೂರ್ತಿ ನೋಡಿದೆ.

ನನ್ನ ಮಗ್ಗುಲಲ್ಲಿ ಕೂಸು. ಬಿಳಿ ಬಟ್ಟೆ ಸುತ್ತಿದೆ, ಮುಖ ಮಾತ್ರ ತೆರೆದಿದೆ.

ನನಗೆ ಅವಳ ಮುಖ ತೋರಿಸಿರಲಿಲ್ಲ. ಎಚ್ಚರಾಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಹೇಗಿದ್ದಳೆಂದು ಕೇಳಲು ನನಗೆ ಬಾಯಿ ಬರಲಿಲ್ಲ, ಹೇಳಲು ಇವರಿಗೆ.

"ತಡೀರಿ," ಎಂದೆ. "ಇಳಸಬ್ಯಾಡ್ರಿ."

"ಖರೇನ?"

"ಇವತ್ತ ಬ್ಯಾಡ. ನಾ ನೋಡಬೇಕು."

ಹುಡುಗಿಯರು ಸದ್ದಿಲ್ಲದೆ ಹೊರಗೆ ಹೋದರು. ಇವರು ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತರು. ನಾನು ಹತ್ತಿರ ಹೋದೆ. ಮೂಗು ಇವರದೇ. ಗದ್ದ ನಮ್ಮ ಅವ್ವನದು. ತುಟಿ...