ಕಿವುಡನಲ್ಲವೆಂದು ಸಾಬೀತಾದವನ ಅಹವಾಲು

ಪ್ರೆಸ್ಸಿನ ಹಿಂದಿನ ಕೋಣೆ,
ಸೋಮವಾರ, ಮಧ್ಯಾಹ್ನ

ಮುನಿದು ಅಮ್ಮನ ಮನೆ ಸೇರಿರುವ ನನ್ನ ಮಹಾರಾಯ್ತಿಗೆ,

ಮಂಡಿನೋವು ಇಳಿಯಿತೇ? ಅತ್ತೆಯವರಿಗೆ ಈಗ ಸರಿಯಾಗಿ ನಿದ್ದೆ ಬರುತ್ತಿದೆಯೇ? ನಾನು ಆರೋಗ್ಯವಾಗಿದ್ದೇನೆ. ತೊಂದರೆ ಆಗಿರುವುದೇ ಅದರಿಂದ.

"ರೀ, ನಿಮ್ಮ ಕಿವಿ ಇರೋದು ಕನ್ನಡಕ ಸಿಕ್ಕಿಸೋಕಾ?" ಎಂದು ಕೇಳಿ ನೀನು ಹೊರಟೆಯಲ್ಲ, ಮಾರನೆಯ ದಿನವೇ ಕಿವಿಯ ಡಾಕ್ಟರಮ್ಮನ ಬಳಿ ಹೋದೆ. ಕಿವುಡನೆಂದು ಬರೆದುಕೊಟ್ಟರೆ ನಿನ್ನ ಕೋಪ ಇಳಿದೀತೆಂಬ ಆಸೆ. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಸೊಳ್ಳೆ ಪಿಸುಗುಟ್ಟಿದಂಥ ಸದ್ದಿಗೂ ಒತ್ತಿಬಿಟ್ಟೆ, ದಡ್ಡ. ಕಿವಿ ಚೆನ್ನಾಗಿದೆ ಎಂದರು. ಆಮೇಲೆ ಗದ್ದಲದ ನಡುವೆ ಮಾತು ಕೇಳಿಸಿದರು. ಅರ್ಧಕ್ಕರ್ಧ ತಪ್ಪಿದೆ. ಬಹಳ ಸಂತೋಷವಾಯಿತು.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಕಿವಿ ಕೇಳಿದ್ದನ್ನು ನರ ಮಿದುಳಿಗೆ ಮುಟ್ಟಿಸುತ್ತದೆ, ಅಷ್ಟೇ ಎಂದು ನಾನು ತಿಳಿದಿದ್ದೆ. ಗದ್ದಲದಲ್ಲಿ ಯಾಕೆ ತಪ್ಪಿತು ಎಂದದ್ದಕ್ಕೆ ಡಾಕ್ಟರಮ್ಮ ಹೇಳಿದ ಪ್ರಕಾರ ಮಿದುಳಿನಿಂದಲೂ ಒಳಕಿವಿಗೆ ನರಗಳು ಬರುತ್ತವಂತೆ. ಅವುಗಳ ತುದಿಯಿಂದ ನ್ಯೂರೋಪೆಪ್ಟೈಡ್ ಎಂಬ ಪ್ರೋಟೀನಿನ ಚೂರುಗಳು ಒಸರಿ, ಮೇಲಕ್ಕೆ ಹೋಗುವ ಸಂಕೇತವನ್ನು ಒಂದಿಷ್ಟು ಏರಿಸುತ್ತವೆ, ಇಲ್ಲವೇ ಇಳಿಸುತ್ತವೆ; ನಾನು ಮಷಿನ್ನಿಗೆ ಇಂಕು ಹೆಚ್ಚುಕಮ್ಮಿ ಮಾಡುವ ಹಾಗೆ. ಹಾಗಾದರೆ ತಪ್ಪು ಕಿವಿಯದೋ, ಮಿದುಳಿನದೋ, ಆ ಚೂರಿನದೋ? ಕೇಳಿದೆ. "ನಿಮ್ಮ ಕಿವೀಲಿ ಅದೇನು ಮಾಡ್ತಿದೆ ಅಂತ ನೋಡೋಕೆ ಟೆಸ್ಟ್ ಇಲ್ಲ. ನಮಗೆ ಗೊತ್ತಿರೋದು ಹೆಚ್ಚಾಗಿ ಪ್ರಯೋಗದ ಇಲಿಗಳ ವಿಷಯ" ಎಂದರು. ಇಲಿಗಳಿಗೆ ಹೆಂಡತಿಯ ಕಾಟವಿದೆಯೇ ಎಂದು ಕೇಳಬೇಕೆನಿಸಿತು. ಅವರೂ ಯಾರದೋ ಹೆಂಡತಿಯೇ ಇರಬೇಕೆಂದು ಸುಮ್ಮನಾದೆ. ಹೀಗೆ ನಾನು ಕಿವುಡನೂ ಅಲ್ಲ, ಕೇಳುವವನೂ ಅಲ್ಲ. ಏನೆಂದು ನಿನಗೆ ತಿಳಿದರೆ ತಿಳಿಸು.

ಅತ್ತೆಯವರಿಗೆ ನಮಸ್ಕಾರ. ಮಂಡಿಗೆ ಎಣ್ಣೆ ಹಚ್ಚಿಕೋ.

ಇಂತು ನಿನ್ನ,
ಸರ್ಟಿಫಿಕೇಟು ಸಿಗದ ಕಿವುಡ

ತಾ.ಕ.: ಈಗಷ್ಟೇ ನಿನ್ನ ತಮ್ಮ ಫೋನು ಮಾಡಿದ್ದ. ನೀನು ಮಷಿನ್ ಪಕ್ಕ ನಿಂತು "ನಾನು ಅಮ್ಮನ ಮನೇಲೇ ಇದ್ದುಬಿಡ್ಲಾ?" ಎಂದು ಕೇಳಿದ್ದೆಯಂತೆ, ನಾನು ಹೂಂ ಎಂಬಂತೆ ತಲೆ ಆಡಿಸಿದೆನಂತೆ. ಮಾರಾಯ್ತಿ, ಮಷಿನ್ ಓಡುವಾಗ ಯಾರು ಬಂದು ಏನು ಅಂದರೂ ಪ್ರೆಸ್ಸಿನವರೆಲ್ಲ ತಲೆ ಆಡಿಸುತ್ತೇವೆ. ಬಂದಿದ್ದನ್ನು ನೋಡಿದೆ, ಆಮೇಲೆ ಮಾತಾಡೋಣ ಎಂದಷ್ಟೇ ಅದರ ಅರ್ಥ. ಕಾಗದದ ವ್ಯಾಪಾರಿ ರೇಟು ಏರಿಸುತ್ತೇನೆ ಎಂದಾಗಲೂ ಹೀಗೇ ಆಡಿಸಿ ಸಿಕ್ಕಿಬಿದ್ದಿದ್ದೇನೆ. ಈಗ ಮಷಿನ್ ನಿಲ್ಲಿಸಿ ನಿನ್ನ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ. ಬೇಡ.