ಪಾಠಕ್ಕೆ ಬೇಡವಾದ ಮಾತು

ಮನೆಯಿಂದ,
ಹದಿನಾಲ್ಕನೆಯ ತಾರೀಖು, ಭಾನುವಾರ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ಸಲ ಫೋನಿನಲ್ಲಿ ಕೆಮ್ಮುತ್ತಿದ್ದೆ, ಈಗ ಕಡಿಮೆಯಾಯಿತೇ? ದಿನವಿಡೀ ಹಳೆಯ ಕಡತಗಳ ಧೂಳಿನಲ್ಲಿ ಕೂತರೆ ಇನ್ನೇನಾಗುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ನಿನ್ನಮ್ಮ ಹೇಳುತ್ತಿದ್ದಳು, ಈಗ ಅದನ್ನೂ ನಾನೇ ಹೇಳಬೇಕು. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು. ಅಮ್ಮ ಹೋದಾಗ ನೀನು ಬಂದಿದ್ದಷ್ಟು ದಿನ ಮನೆ ತುಂಬ ಜನ. ನೀನು ಮತ್ತೆ ಸಂಶೋಧನೆಗೆಂದು ಹೊರಟ ಮೇಲೆ ಅವರೂ ಬರುವುದು ಬಿಟ್ಟರು. ಒಳ್ಳೆಯದೇ ಆಯಿತು. ಸಮಾಧಾನ ಹೇಳಲು ಬಂದವರಿಗೆ ನಾನೇ ಸಮಾಧಾನ ಹೇಳಿ ಹೇಳಿ ಸಾಕಾಗಿತ್ತು.

ಮಂಗಳವಾರ ನಿನ್ನ ಕಾಲೇಜಿಗೆ ಹೋಗಿದ್ದೆ. ನಿನ್ನ ಬದಲಿಗೆ ಪಾಠ ಮಾಡುತ್ತಿರುವ ಮೇಡಂ ಮನೆಗೇ ಬಂದು ಕರೆದರು. "ಪರದೇಶದವರು ಬಿಟ್ಟು ಹೋದ್ಮೇಲೆ ಕಚೇರಿಗಳು ಹೇಗೆ ನಡೆದ್ವು ಅನ್ನೋ ಪಾಠ ಸರ್, ನಿಮ್ಮ ಮನೆಯವರ ಟೇಪ್ ಹಾಕ್ತೀವಿ, ಬನ್ನಿ" ಅಂದರು. ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿಕೊಂಡು ಜೀವನ ಕಳೆದವನಿಗೆ ಕಾಲೇಜೆಂದರೆ ಮೈ ಹಿಡಿಯಾಗುತ್ತದೆ. ಹಿಂದಿನ ಬೆಂಚಿನಲ್ಲಿ, ಕಿಟಕಿ ಪಕ್ಕ ಕೂತೆ. ಫ್ಯಾನು ಕಟಕಟ ಅನ್ನುತ್ತಿತ್ತು. ಬೇರಿಂಗ್ ಹೋಗಿದೆ, ಯಾರಿಗಾದರೂ ಹೇಳು.

ಟೇಪಿನಲ್ಲಿ ಮೊದಲು ನಿನ್ನಮ್ಮ ಆಪರೇಟರ್ ಆಗಿದ್ದ ಟೆಲಿಫೋನ್ ಎಕ್ಸ್‌ಚೇಂಜಿನ ಕಥೆ ಬಂತು. ಸ್ವಾತಂತ್ರ್ಯ ಬಂದ ಮರುದಿನದಿಂದ ನಮ್ಮ ಭಾಷೆಯಲ್ಲೇ ಮಾತಾಡಬೇಕೆಂದು ಹೇಳಿದ್ದರೂ, ಕರೆ ಬಂದು ದೀಪ ಹತ್ತಿದ ಕೂಡಲೇ ಅವಳ ಬಾಯಿಗೆ ದೊರೆಗಳ ಭಾಷೆಯೇ ಬರುತ್ತಿತ್ತಂತೆ. ಆ ಕಡೆಯಿಂದ ನಮ್ಮವನೇ ಹೊಸ ಅಧಿಕಾರಿ ಅದೇ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದನಂತೆ. ಆಮೇಲೆ ಇಬ್ಬರಿಗೂ ನೆನಪಾಗಿ ಇಬ್ಬರೂ ನಮ್ಮ ಭಾಷೆಯಲ್ಲಿ ಮೊದಲಿನಿಂದ ಶುರು ಮಾಡುವುದು. ಹುಡುಗರು ಬಿದ್ದು ಬಿದ್ದು ನಕ್ಕರು. ಏನು ಬದಲಾಯಿತಮ್ಮ ಹಾಗಾದರೆ ಎಂದು ನೀನು ಕೇಳಿದ್ದಕ್ಕೆ, "ಬೋರ್ಡು ಬದಲಾಯ್ತು, ಕುರ್ಚಿ ಅವೇ. ಬೈಗುಳ ಮಾತ್ರ ನಮಗೆ ಅರ್ಥ ಆಗೋ ಹಾಗಾಯ್ತು" ಅಂದಳಲ್ಲ, ಮೇಡಂ ಅದನ್ನು ಬೋರ್ಡಿನ ಮೇಲೆ ಬರೆದರು. ಟೇಪು ಮುಗಿದ ಮೇಲೆ ಒಂದು ಹುಡುಗಿ ಎದ್ದು ನಿಂತು, ಅರ್ಥವಾಗದ ಬೈಗುಳಕ್ಕಿಂತ ಅರ್ಥವಾಗುವ ಬೈಗುಳ ಮೇಲೋ ಅಲ್ಲವೋ ಎಂದು ಕೇಳಿದಳು. ಅದರ ಮೇಲೆಯೇ ಗಂಟೆ ಹೊಡೆಯುವ ತನಕ ವಾದ ನಡೆಯಿತು. ನಿನ್ನಮ್ಮ ಇದ್ದಿದ್ದರೆ ಅವರಿಗಿಂತ ಜೋರಾಗಿ ವಾದ ಮಾಡುತ್ತಿದ್ದಳು.

ನಾನು ಟೇಪಿನಲ್ಲಿ ಇನ್ನೊಂದಕ್ಕೆ ಕಾಯುತ್ತಿದ್ದೆ. ನೀನು ಅದನ್ನು ರೆಕಾರ್ಡ್ ಮಾಡಿದ ದಿನ ನಾನು ಅಡುಗೆಮನೆಯಲ್ಲಿದ್ದೆ, ನೆನಪಿದೆಯಲ್ಲ. ಕುರ್ಚಿಯ ಮಾತು ಮುಗಿದದ್ದೇ ಅವಳು ನನ್ನನ್ನು ಕರೆದಿದ್ದಳು. ಮಂಗಳವಾರ ಅದು ಬರಲಿಲ್ಲ. ಕುರ್ಚಿಯಿಂದ ನೇರ ನಿನ್ನ ಮುಂದಿನ ಪ್ರಶ್ನೆಗೆ ಹಾರಿತು. ವಿಷಯಕ್ಕೆ ಸೇರದ್ದನ್ನು ತೆಗೆಯುವುದು ನಿಮ್ಮ ಕೆಲಸದ ಪದ್ಧತಿ, ಗೊತ್ತು. ತಪ್ಪೆಂದು ಹೇಳುತ್ತಿಲ್ಲ. ಮನೆಗೆ ಬಂದು ಊಟ ಮಾಡದೆ ಮಲಗಿದೆ, ಅಷ್ಟೇ. ದಣಿವಾಗಿತ್ತು.

ನೀನು ಬರೆಯುತ್ತಿರುವ ಪುಸ್ತಕ ಬೇಗ ಮುಗಿಯಲಿ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆ ಕೋಣೆಯಲ್ಲಿರುವ ಗೆಳತಿಗೂ ನಾನು ಕೇಳಿದೆನೆಂದು ಹೇಳು. ನಿನಗೆ ಒಳ್ಳೆಯದಾಗಲಿ, ಮಗು.

ನಿನ್ನ
ಅಪ್ಪ

ಮರೆತಿದ್ದೆ: ತೆಗೆದ ತುಣುಕುಗಳನ್ನು ನೀವು ಎಲ್ಲಾದರೂ ಇಟ್ಟಿರುತ್ತೀರಾ? ತರಗತಿಯಲ್ಲಿ ಕೇಳಿದ್ದು ಅವಳ ಕಚೇರಿಯ ದನಿ. ನನ್ನನ್ನು ಕರೆಯುತ್ತಿದ್ದ ದನಿ ಈಚೆಗೆ ನೆನಪಿಗೆ ಸರಿಯಾಗಿ ಬರುತ್ತಿಲ್ಲ. "ಮೆಕ್ಯಾನಿಕ್ ಸಾಹೇಬ್ರೇ, ಹಾಲು ನೋಡ್ತಿದ್ದೀರೋ, ಇಲ್ಲ ಅದೇ ನಿಮ್ಮನ್ನ ನೋಡ್ತಿದ್ಯೋ" ಅಂತ ಶುರುವಾಗುತ್ತದೆ. ಹಾಲು ಉಕ್ಕಿದ ಮೇಲೆ ನಕ್ಕಳಲ್ಲ, ಅಲ್ಲಿವರೆಗೆ ಸಿಕ್ಕರೆ ಸಾಕು.